ಮೇಗಲ ಹೊಲದ ಮಣ್ಣು

ಹೊಟ್ಟೆಕಿಚ್ಚು ಜಯಲಕ್ಷ್ಮಮ್ಮನಿಗೆ ಹುಟ್ಟಿನಿಂದ ಬಂದದ್ದಲ್ಲ. ತವರಿನಲ್ಲಿ ಅವಳು ಒಬ್ಬಳೇ ಮಗಳು, ಹೊಟ್ಟೆ ಉರಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಕೆಂಪಣ್ಣನ ಕೈಹಿಡಿದು ಕೊಣನೂರಿನ ಹತ್ತಿರದ ಈ ಊರಿಗೆ ಬಂದ ಮೇಲೂ ಎಷ್ಟೋ ವರ್ಷ ಚೆನ್ನಾಗಿಯೇ ಇದ್ದಳು. ಆಮೇಲೆ ಮೈದುನ ಸಂಜಯನಿಗೆ ಮದುವೆಯಾಯಿತು. ಭವ್ಯಶ್ರೀ ಎಂಬ ವಾರಗಿತ್ತಿ ಮನೆ ತುಂಬಿದಳು. ಅಲ್ಲಿಂದ ಶುರು.

ಭವ್ಯಶ್ರೀ ಮಾಡಿದ ತಪ್ಪಾದರೂ ಏನು ಎಂದು ಕೇಳಿದರೆ ಬೆರಳಿಟ್ಟು ತೋರಿಸುವಂಥದ್ದು ಒಂದೂ ಇಲ್ಲ. ಅವಳು ಮುದ್ದೆ ತೊಳಸಿದರೆ ಗಂಟಾಗುತ್ತಿರಲಿಲ್ಲ. ಅವಳು ಹಾಲು ಕರೆಯಲು ಕೂತರೆ ಒದೆಯುವ ಹಸುವೂ ಸುಮ್ಮನೆ ನಿಲ್ಲುತ್ತಿತ್ತು. ಒಂದೇ ಗಿಡದ ಕನಕಾಂಬರ ಜಯಲಕ್ಷ್ಮಮ್ಮನ ತಲೆಯಲ್ಲಿ ಮಧ್ಯಾಹ್ನಕ್ಕೇ ಸೊರಗಿದರೆ ಭವ್ಯಶ್ರೀಯ ತಲೆಯಲ್ಲಿ ಸಂಜೆಯವರೆಗೂ ನಗುತ್ತಿತ್ತು. ಹೊಟ್ಟೆ ಉರಿಯಲು ಇನ್ನೇನು ಬೇಕು ಹೇಳಿ?

ಈ ಮಾಘದಲ್ಲಿ ಆ ಉರಿಗೆ ತುಪ್ಪ ಬಿತ್ತು. ಭವ್ಯಶ್ರೀ ಶುಂಠಿ ಕಿತ್ತಳು. ಒಂದೊಂದು ಬುಡವನ್ನೂ ಎರಡು ಕೈಯಲ್ಲಿ ಹಿಡಿಯಬೇಕು, ಅಷ್ಟು ದಪ್ಪ. ಅಂಥದ್ದೊಂದನ್ನು ಎದೆಗವಚಿಕೊಂಡು ನಿಂತ ಅವಳ ಫೋಟೋ ಅರಕಲಗೂಡಿನ ರೈತರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅದನ್ನು ಜಯಲಕ್ಷ್ಮಮ್ಮನ ಮುಖಕ್ಕೆ ಹಿಡಿದವನು ಬೇರೆ ಯಾರೂ ಅಲ್ಲ, ಅವಳ ಗಂಡ ಕೆಂಪಣ್ಣನೇ.

“ನೋಡ್ದಾ, ನಮ್ ಭವ್ಯನ ಸುಂಠಿಯಾ?”

“ನಮ್ ಜ್ವಾಳದ್ ಫೋಟೋ ಯಾರೂ ತಗೀಲಿಲ್ವಾ?” ಎಂದಳು ಜಯಲಕ್ಷ್ಮಮ್ಮ.

“ನಮ್ ಜ್ವಾಳದ್ ಫೋಟೋ ತಗುದ್ರೆ ಜನ ಗರಿಕೆ ಅಂದ್ಕತಾರೆ ಕಣೆ,” ಎಂದು ಕೆಂಪಣ್ಣ ನಕ್ಕ. ಪಾಪ, ಸಾಧು ಮನುಷ್ಯ, ಯಾವುದಕ್ಕೆ ನಗಬೇಕು ಯಾವುದಕ್ಕೆ ನಗಬಾರದು ಎಂಬುದು ತಿಳಿಯದು. ಆ ದಿನದ ಸಾರಿಗೆ ಉಪ್ಪು ಬೀಳಲಿಲ್ಲ.

ಹೊಲ ಮೊದಲು ಒಂದೇ ಆಗಿತ್ತು. ದಿಣ್ಣೆಯಿಂದ ಹಳ್ಳದ ಕಡೆಗೆ ಇಳಿಜಾರಾಗಿ ಮಲಗಿದ ಹೊಲ. ಐದು ವರ್ಷದ ಹಿಂದೆ ಅಣ್ಣತಮ್ಮಂದಿರು ಭಾಗವಾದರು. ಭಾಗಕ್ಕೆ ಆ ಕಡೆ ಒಂದು ಪದ್ಧತಿಯಿದೆ: ಹಿರಿಯ ಭಾಗ ಹಾಕಬೇಕು, ಕಿರಿಯ ಆರಿಸಿಕೊಳ್ಳಬೇಕು. ಯಾವ ಪಾಲು ತನಗೆ ಉಳಿಯುತ್ತದೋ ಗೊತ್ತಿಲ್ಲದ ಹಿರಿಯ ಮೋಸ ಮಾಡುವುದಾದರೂ ಹೇಗೆ? ಕೆಂಪಣ್ಣ ಊರ ಹಿರಿಯ ಬೋರಪ್ಪನನ್ನು ಮುಂದಿಟ್ಟುಕೊಂಡು ಹೊಲದ ನಟ್ಟನಡುವೆ ಅಡ್ಡಲಾಗಿ ಬದು ಹಾಕಿಸಿದ. ಮೇಲಿನದು ಮೇಗಲ ಹೊಲವಾಯಿತು, ಕೆಳಗಿನದು ಕೆಳಗಲ ಹೊಲ.

ಸಂಜಯನಿಗೆ ಹೊಳೆನರಸೀಪುರದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಟ್ರ್ಯಾಕ್ಟರ್ ಗೊತ್ತು, ಅದು ಉಳುವ ಮಣ್ಣು ಗೊತ್ತಿಲ್ಲ. ಅವನು ಹೆಂಡತಿಯ ಮುಖ ನೋಡಿ “ಕೆಳಗಲದು” ಎಂದುಬಿಟ್ಟ. ನೆರೆದವರು ಮುಸಿಮುಸಿ ನಕ್ಕರು. ಕೆಳಗಲ ಹೊಲ ಬರೀ ಗರಸು, ನೇಗಿಲು ಹೂಡಿದರೆ ಕಲ್ಲಿಗೆ ತಾಗಿ ಕಿರ್ ಎನ್ನುತ್ತಿತ್ತು. ಮೇಗಲದೋ ಕೈಯಲ್ಲಿ ಹಿಡಿದರೆ ನುಣ್ಣಗೆ ಉದುರುವ ಮಣ್ಣು. ಆ ದಿನ ಜಯಲಕ್ಷ್ಮಮ್ಮ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದಳು. ಈಗ ಅವಳನ್ನು ಕೇಳಿ ನೋಡಿ. “ಆವತ್ತೇ ನಂಗೆ ಅನ್ಮಾನ ಬಂದಿತ್ತು. ಆ ಬಿನ್ನಾಣಗಿತ್ತಿ ಏನೋ ಕಂಡ್ಕಂಡೇ ಆರುಸ್ಕಂಡವ್ಳೆ,” ಎನ್ನುತ್ತಾಳೆ. ಪಾಯಸದ ಮಾತು ಎತ್ತುವುದಿಲ್ಲ.

ಭಾಗವಾದ ಮರುವರ್ಷ ಕೆಂಪಣ್ಣ ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟ. ಸೊಪ್ಪು ಬೇಯಿಸುವ ಎತ್ತರದ ಇಟ್ಟಿಗೆ ಮನೆ, ಬ್ಯಾರನ್ ಅನ್ನುತ್ತಾರಲ್ಲ, ಅದು ಮೇಗಲ ಹೊಲದ ಮೂಲೆಯಲ್ಲಿತ್ತು. ಜೆಸಿಬಿ ತರಿಸಿ ಅದನ್ನು ಕೆಡವಿಸಿದ. ಗಟ್ಟಿ ಇಟ್ಟಿಗೆ ಕೊಟ್ಟಿಗೆಗೆ ಬಂತು. ಚೂರುಪಾರು, ಇದ್ದಿಲು, ಬೂದಿಯನ್ನೆಲ್ಲ ಹೊಲಕ್ಕೇ ಹರಡಿ ಉಳುಮೆ ಮಾಡಿಸಿದ. ಈ ಇಟ್ಟಿಗೆ ಚೂರು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಅದೇ ವರ್ಷ ಭವ್ಯಶ್ರೀ ಗರಸು ಹೊಲಕ್ಕೆ ಎತ್ತರದ ಪಟ್ಟೆ ಎಬ್ಬಿಸಿ ಮೊದಲ ಸಲ ಶುಂಠಿ ಊರಿದಳು. ಆಷಾಢದ ಹೊತ್ತಿಗೆ ಮೊಳಕೆ ಮೊಳದುದ್ದ ಬಂದು ಹೊಲವೆಲ್ಲ ಹಸಿರಾಯಿತು. ಕೊಣನೂರು ಸಂತೆಗೆ ಹೋಗುವವರು ಬೈಕು ನಿಲ್ಲಿಸಿ ನೋಡಿ ಹೋಗತೊಡಗಿದರು. ಅವರು ಕೆಳಗೆ ನೋಡುತ್ತಾರಲ್ಲ, ಒಬ್ಬರಾದರೂ ಕತ್ತೆತ್ತಿ ಮೇಗಲ ಹೊಲ ನೋಡಬಾರದೇ ಎಂದು ಜಯಲಕ್ಷ್ಮಮ್ಮ ಬದುವಿನ ಮೇಲೆ ನಿಂತು ಕುದಿದಳು. ಅವಳ ಜೋಳವೂ ಆ ವರ್ಷ ಚೆನ್ನಾಗಿಯೇ ಇತ್ತು. ಆದರೆ ಚೆನ್ನಾಗಿದ್ದರೆ ಸಾಲದಲ್ಲ, ಅವಳದ್ದಕ್ಕಿಂತ ಚೆನ್ನಾಗಿರಬೇಕು.

ನಿಂತ ನೀರು ಶುಂಠಿಗೆ ಯಮ. ಬುಡದಲ್ಲಿ ನೀರು ನಿಂತಿತೋ, ಗಡ್ಡೆ ಕೊಳೆತು ನಾರುತ್ತದೆ. ಒಂದು ಜಡಿಮಳೆಯ ಹಗಲು ಜಯಲಕ್ಷ್ಮಮ್ಮ ಹುಲ್ಲು ಕೊಯ್ಯುವ ನೆಪ ಹೇಳಿ, ಗೋಣಿಯ ಗೊಪ್ಪೆ ಹೊದ್ದು ಹೊಲಕ್ಕೆ ಹೋದಳು. ಕೈಯಲ್ಲಿ ಕುಡುಗೋಲಿರಲಿಲ್ಲ, ಗುದ್ದಲಿಯಿತ್ತು. ಸುತ್ತ ಒಂದು ನರಪಿಳ್ಳೆಯೂ ಕಾಣಲಿಲ್ಲ. ಬದುವನ್ನು ಒಂದು ಮಾರಿನಷ್ಟು ಕಡಿದಳು. ಮೇಗಲ ಹೊಲದಲ್ಲಿ ತಡೆದು ನಿಂತಿದ್ದ ನೀರು ಕೆಂಪಗೆ ನೊರೆಯಾಡುತ್ತ ಭವ್ಯಶ್ರೀಯ ಪಟ್ಟೆಗಳ ಮೇಲೆ ನುಗ್ಗಿತು. ಅದನ್ನು ನೋಡಿ ಅವಳ ಎದೆ ತಂಪಾಯಿತು. ಮನೆಗೆ ಬಂದು ಒಂದು ಮುದ್ದೆ ಹೆಚ್ಚಾಗಿಯೇ ಉಂಡಳು.

ಇವತ್ತು ಎಲೆ ಹಳದಿಯಾಗುತ್ತದೆ, ನಾಳೆ ಬುಡ ಕೊಳೆಯುತ್ತದೆ ಎಂದು ಕಾದದ್ದೇ ಬಂತು. ಶುಂಠಿ ಅಲುಗಲಿಲ್ಲ. ಪಟ್ಟೆ ಎತ್ತರವಿತ್ತು, ಅಡಿಯಲ್ಲಿ ಗರಸಿತ್ತು, ಬಂದ ನೀರು ಜರಡಿಯಲ್ಲಿ ಸುರಿದಂತೆ ಇಳಿದುಹೋಯಿತು. ಬದು ಯಾಕೆ ಒಡೆಯಿತು ಎಂದು ಕೆಂಪಣ್ಣ ಕೇಳಿದ್ದಕ್ಕೆ “ಮಳೆಗೆ” ಎಂದಳು. ಮಂಡಿನೋವಿನ ಆಸಾಮಿ, ಮುಂದೆ ಕಟ್ಟಿದರಾಯಿತು ಎಂದ, ಕಟ್ಟಲಿಲ್ಲ. ಭವ್ಯಶ್ರೀಯೂ ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಕೆಲವು ದಿನ ಬಿಟ್ಟು ಅವಳು ತನ್ನ ಹೊಲದ ಇಳಿಜಾರಿಗೆ ಅಡ್ಡಲಾಗಿ ಈ ಕೊನೆಯಿಂದ ಆ ಕೊನೆಯವರೆಗೆ ಲಾವಂಚದ ಬುಡ ನೆಟ್ಟಳು. “ಎಣ್ಣೆಗೆ ಆಕ್ಕಂಡು ತಲೆ ಬಾಚ್ಕಳಕೆ! ಇನ್ನೂ ಘಮಘಮ ಅನ್ಬೇಕಲ್ಲ ಅವಳು,” ಎಂದು ಜಯಲಕ್ಷ್ಮಮ್ಮ ಸಿಕ್ಕಸಿಕ್ಕವರ ಹತ್ತಿರ ಆಡಿಕೊಂಡಳು.

ಅಲ್ಲಿಂದ ಮಳೆಗಾಲ ಬರುತ್ತ ಹೋಗುತ್ತ ಇತ್ತು. ಭವ್ಯಶ್ರೀ ಶುಂಠಿ ಬೆಳೆದ ನೆಲಕ್ಕೆ ಬೆಳೆ ಬದಲಿಸಲು ಒಂದು ವರ್ಷ ರಾಗಿ ಹಾಕಿದಳು, ಆಳೆತ್ತರ ಬಂತು. ಇನ್ನೊಂದು ವರ್ಷ ಜೋಳ ಹಾಕಿದಳು, ಅದೂ ಬಂತು. ಮೇಗಲ ಹೊಲದ ಜೋಳ ಮಾತ್ರ ವರ್ಷದಿಂದ ವರ್ಷಕ್ಕೆ ಕುಳ್ಳಾಗಿ ಬಿಳಿಚಿಕೊಂಡಿತು, ಹೊಲದ ತುಂಬ ಕೊರಕಲು ಬಿತ್ತು. ಗೊಬ್ಬರ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಇದಕ್ಕೆ ಜಯಲಕ್ಷ್ಮಮ್ಮನಿಗೆ ಹೊಳೆದ ಕಾರಣ ಒಂದೇ: ಭವ್ಯಶ್ರೀಯ ಕೆಟ್ಟ ಕಣ್ಣು. ಹೊಟ್ಟೆಕಿಚ್ಚಿನವರಿಗೆ ಊರೆಲ್ಲ ಹೊಟ್ಟೆಕಿಚ್ಚಿನವರೇ. ಹೊಲದ ಮೂಲೆಗೆ ಒಂದು ದೃಷ್ಟಿಬೊಂಬೆ ನಿಲ್ಲಿಸಿ, ಅದರ ಮುಖವನ್ನು ಕೆಳಗಲ ಹೊಲಕ್ಕೆ ತಿರುಗಿಸಿಟ್ಟಳು.

ಹೀಗಿರುವಾಗ ಮಣ್ಣಿನ ಸಮೀಕ್ಷೆಯವರು ಊರಿಗೆ ಬಂದರು. ಅವರಿಗೆ ಮುಂದಾಳು ಜಿನಶ್ರೀ ಎಂಬ ಹುಡುಗಿ, ಶ್ರವಣಬೆಳಗೊಳದ ಕಡೆಯವಳು. ಚನ್ನರಾಯಪಟ್ಟಣದಿಂದ ಜೀಪಿನಲ್ಲಿ ಬರುತ್ತಿದ್ದಳು. ಎದೆಮಟ್ಟ ಗುಂಡಿ ತೆಗೆಸಿ, ಒಳಗಿಳಿದು, ಗುಂಡಿಯ ಗೋಡೆಯಲ್ಲಿ ಕಾಣುವ ಮಣ್ಣಿನ ಪದರಗಳನ್ನು ನೋಡಿ, ಯಾವ ಹೊಲಕ್ಕೆ ಯಾವ ಬೆಳೆ ಒಗ್ಗುತ್ತದೆ ಎಂದು ಹೇಳುತ್ತಾಳಂತೆ. ಈ ಸುದ್ದಿ ಬೋರಪ್ಪನ ಜಗಲಿಯಲ್ಲಿ ಕಿವಿಗೆ ಬಿದ್ದದ್ದೇ ತಡ, ಜಯಲಕ್ಷ್ಮಮ್ಮ ಸೆರಗು ಬಿಗಿದು ಮುಂದೆ ಬಂದಳು.

“ಬೋರಪ್ಪಣ್ಣ, ಭಾಗ ಮಾಡ್ದಾಗ ನೀವೆಲ್ಲ ಒಲದ ಮೈ ನೋಡುದ್ರಿ, ಒಟ್ಟೆ ನೋಡ್ಲಿಲ್ಲ. ಈ ತಾಯಿ ಎರ್ಡೂ ಒಲ ಅಗುಸ್ಲಿ. ಕೆಳಗಲ ಮಣ್ಣೇ ಎಚ್ಚು ಅಂತ ಬಂದ್ರೆ ಭಾಗ ತಿರ್ಗ ಆಗ್ಬೇಕು.”

“ಆದದ್ದು ಆಗೋಯ್ತು, ಈಗ್ಯಾಕವ್ವ?” ಎಂದ ಬೋರಪ್ಪ.

“ಆಗೋಯ್ತು ಅಂತ ಅನ್ಯಾಯ ನ್ಯಾಯ ಆಯ್ತದಾ?”

ಬೋರಪ್ಪ ಭವ್ಯಶ್ರೀಯನ್ನು ಕರೆಸಿ ಕೇಳಿದ. ಅವಳು ಸ್ವಲ್ಪವೂ ಯೋಚಿಸದೆ “ಆಗ್ಲಿ ಬುಡಿ ಮಾವ, ಅಕ್ಕ ಏಳ್ದಂಗೇ ಆಗ್ಲಿ” ಎಂದಳು. ಅದೂ ಜಯಲಕ್ಷ್ಮಮ್ಮನಿಗೆ ಸೇರಲಿಲ್ಲ. ಕಿತ್ತುಕೊಳ್ಳಲು ಹೋದವಳಿಗೆ ತಟ್ಟೆಯಲ್ಲಿಟ್ಟು ಕೊಟ್ಟರೆ ಏನು ಸುಖ?

ಮೊದಲ ಗುಂಡಿ ಮೇಗಲ ಹೊಲದಲ್ಲಿ ಬಿತ್ತು. ಜಿನಶ್ರೀ ಒಳಗಿಳಿದು, ಚಾಕುವಿನಿಂದ ಗೋಡೆಯನ್ನು ಕೆರೆದು, ನೀರು ಚಿಮುಕಿಸಿ, ಮಣ್ಣನ್ನು ಹೆಬ್ಬೆರಳಲ್ಲಿ ತೀಡಿ ನೋಡಿದಳು.

“ಅಮ್ಮ, ಬೆಳೆಗೆ ಊಟ ಕೊಡೋ ಮೇಲ್ಮಣ್ಣು ಇಲ್ಲಿ ನಾಲ್ಕು ಬೆರಳೂ ಉಳಿದಿಲ್ಲ. ಅದರ ಕೆಳಗೆ ಗಟ್ಟಿ ಜೇಡಿ. ಇಲ್ನೋಡಿ, ಜೋಳದ ಬೇರು ಇಳಿಯೋಕೆ ನೋಡಿದೆ, ಆಗದೆ ಅಡ್ಡ ತಿರುಗಿದೆ. ನೀವು ಹಾಕಿದ ಗೊಬ್ಬರವೂ ನಿಂತಿಲ್ಲ.”

“ನೋಡುದ್ರಾ ಬೋರಪ್ಪಣ್ಣ!” ಎಂದು ಜಯಲಕ್ಷ್ಮಮ್ಮ ಹಿಗ್ಗಿದಳು. ತನ್ನ ಹೊಲ ಕೆಟ್ಟುಹೋಗಿದೆ ಎಂದು ಕೇಳಿ ಕುಣಿದಾಡಿದ ಒಕ್ಕಲಗಿತ್ತಿ ಆ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು.

ಎರಡನೆಯ ಗುಂಡಿ ಎಲ್ಲಿ ತೋಡಬೇಕು ಎಂದು ಜಿನಶ್ರೀ ಸುತ್ತ ನೋಡುತ್ತಿದ್ದಾಗ ಜಯಲಕ್ಷ್ಮಮ್ಮ ತಾನೇ ಓಡಿಹೋಗಿ ಜಾಗ ತೋರಿಸಿದಳು. “ಇಲ್ಲಿ ತಗೀರಿ. ಇಲ್ಲೇ ಅವಳ ಸುಂಠಿ ಎಲ್ಲಕ್ಕಿಂತ ದಪ್ಪ ಬಂದಿದ್ದು.” ಅದು ಒಡೆದ ಬದುವಿನ ನೇರ ಕೆಳಗಿನ ಜಾಗ. ಅಸೂಯೆಯ ಕಣ್ಣಿಗೆ ಶುಂಠಿಯ ದಪ್ಪ ಕಂಡಿತ್ತು, ಬದು ಕಂಡಿರಲಿಲ್ಲ.

ಗುಂಡಿ ಆಳವಾದಂತೆ ಜಯಲಕ್ಷ್ಮಮ್ಮನ ಮುಖ ಅರಳಿತು. ಮೇಲಿನ ಮಣ್ಣು ಒಂದು ಗೇಣಿಗಿಂತಲೂ ಹೆಚ್ಚು, ಕಪ್ಪು ಬೆರೆತ ನುಣ್ಣನೆಯ ಮಣ್ಣು, ಅದರ ತುಂಬ ಬಿಳಿಯ ಎಳೆಬೇರು. ಅದನ್ನು ಕಂಡು ಅವಳಿಗೆ ಸಂತೋಷವೂ ಆಯಿತು, ಹೊಟ್ಟೆಯೊಳಗೆ ಚುರ್ ಎಂದೂ ಆಯಿತು. ಇಂಥ ಮಣ್ಣನ್ನು ಇಷ್ಟು ವರ್ಷ ಅವಳೊಬ್ಬಳೇ ಉಂಡಳಲ್ಲ!

“ಬೋರಪ್ಪಣ್ಣ, ಕಣ್ಣಾರೆ ಕಂಡ್ರಲ್ಲ? ಇನ್ನೇನ್ ಬೇಕು?”

“ಒಂದ್ನಿಮಿಷ ಅಮ್ಮ,” ಎಂದಳು ಗುಂಡಿಯೊಳಗಿದ್ದ ಜಿನಶ್ರೀ. ಗೋಡೆಯಿಂದ ಏನನ್ನೋ ಚಾಕುವಿನ ತುದಿಯಲ್ಲಿ ಎಬ್ಬಿಸಿ ಅಂಗೈಮೇಲಿಟ್ಟು ನೋಡಿದಳು. ಸುಟ್ಟ ಇಟ್ಟಿಗೆಯ ಚೂರು. ಇನ್ನೊಂದು ಕಡೆ ಕೆರೆದಳು, ಇದ್ದಿಲು. ಮತ್ತೆ ಇಟ್ಟಿಗೆ. “ಇಲ್ಲಿ ಯಾವಾಗಲಾದರೂ ಮನೆ ಗಿನೆ ಇತ್ತಾ?”

“ಇಲ್ಲೆಲ್ಲಿ ಮನೆ?” ಎಂದ ಬೋರಪ್ಪ. “ಬ್ಯಾರನ್ ಇತ್ತು, ಅದೂ ಮೇಗಲ ಒಲದಾಗೆ. ಭಾಗ ಆದ್ಮೇಲೆ ಕೆಡವುದ್ರು.”

ಕೆಂಪಣ್ಣ ಮಂಡಿ ಹಿಡಿದುಕೊಂಡು ಬಗ್ಗಿ ಆ ಚೂರನ್ನು ಇಸಕೊಂಡ. ಉಗುಳು ಹಚ್ಚಿ ಒರೆಸಿದ. ಒಂದು ಮಗ್ಗುಲು ಮಸಿಯಿಂದ ಕಪ್ಪಾಗಿತ್ತು. “ನಮ್ ಬ್ಯಾರನ್ದೇ ಸಾ. ಒಲೆ ಕಡೆ ಇಟ್ಗೆ ಇದು,” ಎಂದ. ಜಿನಶ್ರೀ ಹೆಣ್ಣು ಎಂಬುದು ಅವನಿಗೆ ಮರೆತೇಹೋಗಿತ್ತು.

ಜಿನಶ್ರೀ ಗೋಡೆಯ ಮೇಲೆ ಚಾಕುವಿನಿಂದ ಒಂದು ಗೆರೆ ಎಳೆದಳು. “ಎಲ್ಲರೂ ಇಲ್ಲಿ ನೋಡಿ. ಈ ಗೆರೆಯ ಕೆಳಗೆ ಗರಸು, ಅದರ ಕೆಳಗೆ ಕೈಯಲ್ಲಿ ಪುಡಿಯಾಗೋ ಬಿಳಿ ಬಂಡೆ. ಇದು ಈ ಹೊಲದ ಹುಟ್ಟು ಮಣ್ಣು, ಬಡ ಮಣ್ಣು. ಗೆರೆಯ ಮೇಲಿರೋದೆಲ್ಲ ಆಮೇಲೆ ಬಂದು ಕೂತದ್ದು. ಇಟ್ಟಿಗೆ ಚೂರು ಮೇಲೆ ಮಾತ್ರ ಇದೆ, ಕೆಳಗೆ ಒಂದೂ ಇಲ್ಲ. ಅಂದರೆ ಬ್ಯಾರನ್ ಕೆಡವಿದ ಮೇಲೆ ಬಂದ ಮಣ್ಣು ಇದು. ಮೇಗಲ ಹೊಲದ ಮೇಲ್ಮಣ್ಣೇ ಕೊಚ್ಚಿಕೊಂಡು ಇಲ್ಲಿಗೆ ಇಳಿದಿದೆ. ಭಾಗ ಆದ ದಿನ ನಿಮಗೆ ಸಿಕ್ಕಿದ್ದೇ ಒಳ್ಳೆ ಹೊಲ ಅಮ್ಮ.” ಆಮೇಲೆ ತಲೆಯೆತ್ತಿ, “ಬದು ಗಟ್ಟಿಯಾಗಿದ್ದಿದ್ದರೆ ಹೀಗೆ ಆಗ್ತಿರಲಿಲ್ಲ,” ಎಂದಳು.

ಎಲ್ಲರ ಕಣ್ಣೂ ಬದುವಿನ ಕಡೆ ತಿರುಗಿದವು. ಅಂದು ಮಾರಗಲವಿದ್ದ ಬಾಯಿ ಈಗ ಗಾಡಿ ನುಗ್ಗುವಷ್ಟು ಅಗಲವಾಗಿತ್ತು.

“ಮಳೆಗೆ ಒಡೆದೋಗಿರ್ಬೇಕು,” ಎಂದಳು ಜಯಲಕ್ಷ್ಮಮ್ಮ. ಯಾರೂ ಅವಳನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಬೋರಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಸರಿ ಬುಡು. ಮಳೆ ಮಾಡಿದ್ಕೆ ಯಾರನ್ನ ಇಡ್ಕಂಡು ಕೇಳದು? ಮಳೆ ತಂದಾಕಿದ್ದು ಬಿದ್ದೋರ ಒಲಕ್ಕೇ ಸೇರ್ದಂಗೆ. ಭಾಗ ಸರ್ಯಾಗೇ ಆಗದೆ. ನಡೀರಿ, ಬಿಸ್ಲಾಯ್ತು.”

ಅಷ್ಟಕ್ಕೆ ಮುಗಿಯಬೇಕಿತ್ತು. ಜಯಲಕ್ಷ್ಮಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು, ಮಣ್ಣು ಹೋಗುತ್ತಿತ್ತು. ಬಾಯಿ ಬಿಟ್ಟರೆ ಮಣ್ಣು ಕೇಳಬಹುದು, ಆದರೆ ನಾಳೆಯಿಂದ ಊರ ನಲ್ಲಿಯ ಹತ್ತಿರ ತಲೆಯೆತ್ತುವ ಹಾಗಿಲ್ಲ. ಇದು ಅವಳಿಗೂ ಗೊತ್ತಿತ್ತು. ಕೆಂಪಣ್ಣನ ಮರ್ಯಾದೆಯೂ ನೆನಪಾಯಿತು. ತುಟಿ ಕಚ್ಚಿ ನಿಂತಳು, ಹೊರಡಲು ತಿರುಗಿಯೂ ಬಿಟ್ಟಳು.

ಆಗ ಭವ್ಯಶ್ರೀ ಗುಂಡಿಯ ಅಂಚಿನಲ್ಲಿ ಕೂತು, ಎತ್ತಿ ಹಾಕಿದ್ದ ಆ ಕಪ್ಪು ಮಣ್ಣನ್ನು ಒಂದು ಹಿಡಿ ತೆಗೆದುಕೊಂಡಳು. ಅಂಗೈಯಲ್ಲಿ ಮೆಲ್ಲಗೆ ಪುಡಿಮಾಡಿ, ಮೂಗಿಗೆ ಹಿಡಿದು, ತನ್ನದೇ ಎಂಬಂತೆ ತಟ್ಟಿ ಕೆಳಗಿಟ್ಟಳು. ಆ ತಟ್ಟಿದ್ದೊಂದು ಜಯಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. ತನ್ನ ಸೀರೆಯನ್ನು ಇನ್ನೊಬ್ಬಳು ಉಟ್ಟು ತನ್ನೆದುರೇ ನೆರಿಗೆ ಸರಿಮಾಡಿಕೊಂಡ ಹಾಗೆ ಕಂಡಿತು.

“ಮಳೆಯಲ್ಲ ಕಣಣ್ಣ!” ಎಂದು ಕಿರುಚಿದಳು. “ಮಳೆ ಅಲ್ಲ, ನಾನು! ನಾನೇ ಗುದ್ಲಿ ತಗಂಡು ಬದ ಕಡುದಿದ್ದು! ಅವಳ ಸುಂಠಿ ಕೊಳ್ತೋಗ್ಲಿ ಅಂತ ಕಡುದಿದ್ದು! ಅದು ನನ್ ಮಣ್ಣು. ನನ್ ಮಣ್ಣು ನಂಗೆ ಬೇಕು!”

ಕೆಂಪಣ್ಣ ಇಟ್ಟಿಗೆ ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಬದುವಿನ ಮೇಲೆ ಕುಸಿದು ಕೂತ. ಹೆಂಡತಿಯ ಕಡೆ ನೋಡಲಿಲ್ಲ.

“ಗೊತ್ತು ಕಣಕ್ಕ,” ಎಂದಳು ಭವ್ಯಶ್ರೀ.

“ಏನ್ ಗೊತ್ತು?”

“ಆವತ್ತು ನೀನು ಗೊಪ್ಪೆ ಒದ್ಕಂಡು ಬಂದಾಗ ನಾನು ಅಳ್ಳದ್ ದಡದ ಪಂಪ್‌ಸೆಟ್ ಮನೇಲಿ ಮಳೆಗೆ ನಿಂತಿದ್ದೆ.”

“ಮತ್ಯಾಕೆ ಸುಮ್ಕಿದ್ದೆ?”

“ಮೊದ್ಲು ಅತ್ಬುಟ್ಟೆ ಕಣಕ್ಕ. ಒಬ್ಳೇ ಕುಂತು ಅತ್ಬುಟ್ಟೆ. ಅತ್ತು ಆದ್ಮೇಲೆ ನೋಡ್ತೀನಿ, ನೀರು ಇಂಗೋಗದೆ, ಮಣ್ಣು ಕೂತ್ಕಂಡದೆ. ಎಂಥ ಮಣ್ಣು! ಅದ್ಕೇ ಲಾವಂಚ ನೆಟ್ಟೆ, ಮುಂದಕ್ಕೆ ಅಳ್ಳಕ್ಕೆ ಓಗ್ದೇ ಇರ್ಲಿ ಅಂತ.” ಭವ್ಯಶ್ರೀಯ ತುಟಿಯಂಚು ಕೊಂಚ ಕೊಂಕಿತು. “ನೀನು ಕಳುಸ್ತಿದ್ದೆ, ನಾನು ಇಡ್ಕತಿದ್ದೆ.”

ಜಯಲಕ್ಷ್ಮಮ್ಮ ಬೆಪ್ಪಾಗಿ ನಿಂತಳು. ಲಾವಂಚ ತಲೆಗೆ ಎಂದು ತಾನು ಊರಿಗೆಲ್ಲ ಸಾರಿ ನಕ್ಕಿದ್ದೆಷ್ಟು! ಕಳ್ಳಬುದ್ಧಿಯಲ್ಲೂ ಅವಳು ತನ್ನನ್ನು ಮೀರಿಸಿದಳಲ್ಲ.

ಬೋರಪ್ಪನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. “ಒಬ್ಳು ಕಳ್ಳಿ, ಇನ್ನೊಬ್ಳು ಮಳ್ಳಿ. ನಿಮ್ಮಿಬ್ರನ್ನೂ ಒಂದೇ ಮನೆಗೆ ತಂದ ಪುಣ್ಯಾತ್ಮ ಯಾರು?” ಎಂದು, ಆಮೇಲೆ ಗಂಟಲು ಸರಿಮಾಡಿಕೊಂಡ. “ಕೇಳ್ರವ್ವ. ಜಯಲಕ್ಷ್ಮಮ್ಮ, ಬದ ಒಡ್ದೋಳು ನೀನು, ನೀನೇ ಕಟ್ಟು. ಗೆರೆ ಮ್ಯಾಲಿನ್ ಮಣ್ಣು ನಿಂದೇ, ಮುಂಗಾರು ಬೀಳೋ ತಂಕ ಎಷ್ಟು ಒತ್ಕತೀಯೋ ಒತ್ಕೊ. ಭಾಗ ಮಾತ್ರ ಇನ್ನೊಂದ್ ಕಿತ ಎತ್ಬೇಡ.”

“ನಾಳೆನೇ ಟ್ರ್ಯಾಕ್ಟರ್ ತರುಸ್ತೀನಿ,” ಎಂದಳು ಅವಳು.

“ಟ್ರ್ಯಾಕ್ಟರ್ ಬ್ಯಾಡಕ್ಕ,” ಎಂದಳು ಭವ್ಯಶ್ರೀ. “ಟೈರು ತುಳುದ್ರೆ ನನ್ ನೆಲ ಕಲ್ಲಾಯ್ತದೆ. ಮಂಕ್ರೀಲ್ ಒತ್ಕೊ.”

ಜಿನಶ್ರೀ ಗುಂಡಿಯಿಂದ ಮೇಲೆ ಬಂದು ಕೈ ಒರೆಸಿಕೊಂಡಳು. “ಮೊದಲು ಬದು ಕಟ್ಟಿ, ಆಮೇಲೆ ಮಣ್ಣು ಹೊರಿ. ಇಳಿಜಾರಿನ ಉದ್ದಕ್ಕೆ ಉಳಬೇಡಿ, ಅಡ್ಡ ಉಳಿ. ಬದುವಿನ ಮೇಲೆ ನೀವೂ ಲಾವಂಚ ನೆಡಿ. ಇಲ್ಲದಿದ್ದರೆ ಹೊತ್ತದ್ದೆಲ್ಲ ಮತ್ತೆ ಇವರ ಹೊಲಕ್ಕೇ ಬರುತ್ತೆ ಅಮ್ಮ.”

“ಬುಡ ನಾನ್ ಕೊಡ್ತೀನಿ,” ಎಂದಳು ಭವ್ಯಶ್ರೀ. ಅದನ್ನೂ ಅವಳೇ ಕೊಡಬೇಕು!

ಬದು ಕಟ್ಟುವ ಕೆಲಸ ಜಯಲಕ್ಷ್ಮಮ್ಮ ಮಾತಿಲ್ಲದೆ ಮಾಡಿದಳು. ಅದು ಮುಗಿದ ಮರುದಿನ ಬೆಳಿಗ್ಗೆ ಮಂಕರಿ ಬುಟ್ಟಿ ಹಿಡಿದು ಕೆಳಗಲ ಹೊಲಕ್ಕೆ ಇಳಿದಳು. ಕೆಂಪಣ್ಣ ಬರಲಿಲ್ಲ. ಅವನು ಗುಂಡಿ ತೋಡಿದ ದಿನದಿಂದ ಹೆಂಡತಿಯ ಹತ್ತಿರ ಹಾಂ ಹೂಂ ಬಿಟ್ಟು ಬೇರೆ ಮಾತು ಆಡಿರಲಿಲ್ಲ. ಹಳೆಯ ಸೀರೆಯ ತುಂಡನ್ನು ಸಿಂಬೆ ಸುತ್ತಿ ತಲೆಗಿಟ್ಟಳು. ಮಂಕರಿಯ ತುಂಬ ಮಣ್ಣು ತುಂಬಿದಳು. ಆಗ ತಿಳಿಯಿತು: ತುಂಬಿದ ಮಂಕರಿಯನ್ನು ತಲೆಗೇರಿಸಿಕೊಳ್ಳಲು ಒಬ್ಬರಿಂದ ಆಗುವುದಿಲ್ಲ. ಎದುರಿಗೆ ಇನ್ನೊಬ್ಬರು ನಿಂತು ಎತ್ತಿ ಕೊಡಬೇಕು.

ಮಂಡಿಯ ಮೇಲೆ ಎಳೆದುಕೊಂಡು ಎತ್ತಲು ನೋಡಿದಳು, ಅರ್ಧ ಮಣ್ಣು ಸೀರೆಯ ಮೇಲೆ ಚೆಲ್ಲಿತು. ಮತ್ತೆ ತುಂಬಿದಳು, ಮತ್ತೆ ಎತ್ತಿದಳು. ಇದ್ದಕ್ಕಿದ್ದಂತೆ ಮಂಕರಿ ಹಗುರಾಯಿತು. ಎದುರಿಗೆ ಭವ್ಯಶ್ರೀ ಬಂದು ನಿಂತು ಆಚೆಯ ಅಂಚು ಹಿಡಿದಿದ್ದಳು. ಇಬ್ಬರೂ ಒಟ್ಟಿಗೆ ಎತ್ತಿದರು, ಮಂಕರಿ ತಲೆಗೇರಿತು.

ಜಯಲಕ್ಷ್ಮಮ್ಮ ಏರು ಹತ್ತಿ ಸುರಿದು ಬಂದಳು. ಭವ್ಯಶ್ರೀ ಅಲ್ಲೇ ನಿಂತಿದ್ದಳು. ಮತ್ತೆ ಎತ್ತಿ ಕೊಟ್ಟಳು. ಹೀಗೆ ಬಿಸಿಲೇರುವವರೆಗೂ ನಡೆಯಿತು. ತನ್ನ ಮಣ್ಣನ್ನು ತಾನು ತೆಗೆದುಕೊಂಡು ಹೋಗಲು ಪ್ರತಿ ಸಲವೂ ಅವಳ ಕೈ ಬೇಕು. ಮಂಕರಿ ಭಾರವಿತ್ತು, ಅದಕ್ಕಿಂತ ಭಾರವಾದದ್ದು ಇದು.

ಒಮ್ಮೆ ಸಿಂಬೆ ಜಾರಿ ಮಂಕರಿ ವಾಲಿತು. ಭವ್ಯಶ್ರೀ ಅದನ್ನು ಹಿಡಿದು ಕೆಳಗಿಳಿಸಿ, ತನ್ನ ಸೊಂಟಕ್ಕೆ ಸಿಕ್ಕಿಸಿದ್ದ ಟವೆಲ್ ತೆಗೆದು, ಎರಡು ಸುತ್ತು ಹಾಕಿ, ತುದಿ ಒಳಗೆ ತೂರಿಸಿ, ಸಿಂಬೆ ಮಾಡಿ ವಾರಗಿತ್ತಿಯ ತಲೆಯ ಮೇಲಿಟ್ಟಳು. “ಮೆಲ್ಗೆ ಓಗಕ್ಕ, ಕತ್ತು ಉಳುಕುತ್ತೆ,” ಎಂದಳು.

ಜಯಲಕ್ಷ್ಮಮ್ಮ ತನ್ನ ಮಣ್ಣು ಹೊತ್ತು ಏರು ಹತ್ತಿದಳು. ಹೊಸದಾಗಿ ಕಟ್ಟಿದ ಬದು ದಾಟಿದಳು. ಸಿಂಬೆ ಮೆತ್ತಗಿತ್ತು, ಕೂತಲ್ಲೇ ಕೂತಿತ್ತು, ಒಂದಿಷ್ಟೂ ಜಾರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಅದು ಬೆವರಲ್ಲ, ಪಶ್ಚಾತ್ತಾಪವೂ ಪೂರ್ತಿ ಅಲ್ಲ. ಅಯ್ಯೋ, ಒಂದು ಸಿಂಬೆಯನ್ನಾದರೂ ತಾನು ಅವಳಿಗಿಂತ ಚೆನ್ನಾಗಿ ಸುತ್ತಬಾರದಿತ್ತೇ ಎಂದು ಹೊಟ್ಟೆ ಉರಿದುಕೊಂಡೇ ಮಣ್ಣು ಸುರಿದಳು. ಆಮೇಲೆ ಖಾಲಿ ಮಂಕರಿ ಹಿಡಿದು, ಭವ್ಯಶ್ರೀ ನಿಂತಿದ್ದಲ್ಲಿಗೆ ಮತ್ತೆ ಇಳಿದಳು.